ತಲೆಯಿಲ್ಲದ ಹೆಸರು

ಮಾಸ್ಕೋ, ಅಕ್ಟೋಬರ್ 24, 1852

ನನ್ನ ಮನೆಪಾಠದ ಮಿಸ್ ಪ್ರಾಟ್ ಹೇಳಿಕೊಟ್ಟಂತೆ ದಿನಚರಿಯನ್ನು ಇಂಗ್ಲಿಷಿನಲ್ಲೇ ಬರೆಯೋಣವೆಂದು ಕೂತೆ. ಎರಡು ಸಾಲು ಬರೆದು ಹೊಡೆದುಹಾಕಿದೆ. ಏಳನೆಯ ವಯಸ್ಸಿನಿಂದ ಪಾಠ, ಊಟದ ಮಾತು, ಪ್ರಾರ್ಥನೆ ಎಲ್ಲವನ್ನೂ ಆ ಭಾಷೆಯಲ್ಲೇ ಮಾಡಿದವಳು ನಾನು. ಆದರೂ ನನ್ನ ಇವತ್ತಿನ ಸಂತೋಷಕ್ಕೆ ಅದು ಸಾಲದು, ಸಾಲದು, ಸಾಲದು!

ಜಿನಾಯಿದಾ ರೋಖಿನಾ! ಮದುವೆಯಾಗಿ ಹತ್ತು ದಿನ. ಒಂದಿಡೀ ಹಾಳೆಯ ತುಂಬ ಈ ಹೆಸರನ್ನೇ ಬರೆದೆ. ಒಮ್ಮೆ ಕೊನೆಯನ್ನು ಉದ್ದಕ್ಕೆಳೆದು, ಒಮ್ಮೆ ಸುರುಳಿ ಸುತ್ತಿಸಿ. ಇಡೀ ಮಾಸ್ಕೋ ತಿಂಗಳ ಪತ್ರಿಕೆಯಲ್ಲಿ ಕಾದು ಕಾದು ಓದುತ್ತಿರುವ 'ಹಿಂದಿನ ಮೆಟ್ಟಿಲು' ಕಾದಂಬರಿಯ ಮೇಲಿರುವ ಹೆಸರು ಈಗ ನನ್ನದೂ ಹೌದು ಎಂದರೆ ನನಗೇ ನಂಬಿಕೆ ಬರುವುದಿಲ್ಲ. ನನ್ನ ಗಂಡ ಪ್ಲಾತೋನ್ ನಿಕಿತಿಚ್ ಸದ್ದಿಲ್ಲದೆ ಬಂದು ಹಾಳೆ ಎತ್ತಿಕೊಂಡರು.

"ಛೇ, ಇಷ್ಟು ಕಾಗದದಲ್ಲಿ ನಾನು ಅರ್ಧ ಅಧ್ಯಾಯ ಮುಗಿಸ್ತಿದ್ದೆ."

"ನಿಮ್ಮ ಕಾದಂಬರಿಗಿಂತ ಇದೇ ಚೆನ್ನಾಗಿದೆ. ಯಾರೂ ಸಾಯಲ್ಲ!"

"ಇನ್ನೂ 'ನಿಮ್ಮ' ಅಂತೀಯಲ್ಲ ಜಿನಾ. ನಾನೇನು ನಿನ್ನ ಮೇಷ್ಟ್ರಾ?"

'ನೀನು' ಎಂದು ನನ್ನ ಬಾಯಿಗೆ ಬರುವುದೇ ಇಲ್ಲ. ಅವರಿಗೆ ಮೂವತ್ತನಾಲ್ಕು, ನನಗೆ ಹತ್ತೊಂಬತ್ತು, ಮೇಲಾಗಿ ಅವರು ಅಷ್ಟು ದೊಡ್ಡ ಲೇಖಕರು. ಯೋಚಿಸುವಾಗ ಹೆಬ್ಬೆರಳಿನಿಂದ ಹುಬ್ಬನ್ನು ತೀಡುತ್ತಾರೆ. ಆ ಹುಬ್ಬಿಗಾಗಿಯೇ ಮದುವೆಯಾಗಬಹುದಿತ್ತು!

ಚಿನ್ನದಂಚಿನ ವಿಸಿಟಿಂಗ್ ಕಾರ್ಡುಗಳು ಅಚ್ಚಾಗಿ ಬಂದಿವೆ. ಬಾಗಿಲಿಗೆ ಹಿತ್ತಾಳೆಯ ಹೆಸರಿನ ಫಲಕ ಬಂದಿದೆ. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿದ ಅನ್ಫೀಸಾ ದೊಡ್ಡಮ್ಮ ಕೊಟ್ಟ ಬಳುವಳಿಯೂ ಬಂತು: ಚಹಾಕ್ಕೆ ನೀರು ಕಾಯಿಸುವ ಬೆಳ್ಳಿಯ ಸಮೋವರ್, ನರಿಚರ್ಮದ ಕೋಟು, ಇಪ್ಪತ್ತನಾಲ್ಕು ಹಾಸುಬಟ್ಟೆ ಮತ್ತು ಗ್ಲಾಶ್ಕಾ. ಗ್ಲಾಶ್ಕಾಳ ಕಸೂತಿ ಚೆನ್ನಾಗಿದೆ ಎಂದೇ ದೊಡ್ಡಮ್ಮ ಅವಳನ್ನು ಆರಿಸಿದ್ದು. ಅವಳ ಒಡೆತನದ ಕಾಗದವೂ ನನ್ನ ಹೆಸರಿಗೇ ಆಗಿದೆ. ಪ್ರತಿ ಹಾಸುಬಟ್ಟೆಯ ಮೂಲೆಯಲ್ಲೂ ನನ್ನ ಹೊಸ ಹೆಸರಿನ ಮೊದಲಕ್ಷರಗಳನ್ನು ಕೆಂಪು ದಾರದಲ್ಲಿ ಹಾಕಲು ಕೂರಿಸಿದ್ದೇನೆ.

ಅಕ್ಟೋಬರ್ 31

ಹೊಸ ಮದುಮಕ್ಕಳ ಭೇಟಿಗಳು ಇವತ್ತಿಗೆ ಮುಗಿದವು. ಕೊನೆಯದು ದೊಡ್ಡಮ್ಮನ ಮನೆ. ಎಂಟು ಜನ ಹೆಂಗಸರು ಚಹಾದ ಜೊತೆ ಚೆರ್ರಿ ಹಣ್ಣಿನ ಮುರಬ್ಬ ಚಪ್ಪರಿಸುತ್ತಿದ್ದಾಗ ದೊಡ್ಡಮ್ಮ ನನ್ನ ಕಾರ್ಡನ್ನು ಕನ್ನಡಕದ ಹತ್ತಿರ ಹಿಡಿದು, "ಹೆಸರೇನೋ ಚೆನ್ನಾಗಿದೆ ಕಣೇ. ತಲೆ ಎಲ್ಲಿ ಬಿಟ್ಟು ಬಂತು?" ಎಂದರು. ಎಲ್ಲರೂ ಚಮಚದ ಮರೆಯಲ್ಲಿ ನಕ್ಕರು. ನಾನೂ ನಕ್ಕೆ, ಅರ್ಥವಾಗದೆ!

ದಾರಿಯಲ್ಲಿ ಪ್ಲಾತೋನ್ ನಿಕಿತಿಚ್ ತಾವೇ ಹೇಳಿದರು. ದೊಡ್ಡ ಮನೆತನದ ಧಣಿಗೆ ಮದುವೆಯಾಚೆ ಮಗ ಹುಟ್ಟಿದರೆ ಮನೆತನದ ಹೆಸರನ್ನು ಪೂರ್ತಿ ಕೊಡುವುದಿಲ್ಲ, ಮೊದಲ ತುಂಡು ಕತ್ತರಿಸಿ ಮಿಕ್ಕದ್ದನ್ನು ಕೊಡುತ್ತಾರೆ. ಅವರ ತಂದೆ ತೀರಿಹೋದ ಜಮೀನ್ದಾರ ತೊರೋಖಿನ್. ಮಗ ರೋಖಿನ್. ತಾಯಿ ಅಗಾಫ್ಯಾ, ಅದೇ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಜೀತದಾಳು. ನಿಕಿತಿಚ್ ಎಂದರೆ ನಿಕಿತಾನ ಮಗ; ತಂದೆಯ ಸ್ಥಾನದಲ್ಲಿ ಇಟ್ಟುಕೊಂಡ ಆ ಹೆಸರು ಮನೆಯ ಗಾಡಿ ಹೊಡೆಯುವವನದು.

"ನಿನಗೆ ಮೊದಲೇ ಹೇಳಬೇಕಿತ್ತು. ಬೇಜಾರಾಯ್ತಾ?" ಎಂದರು.

ಬೇಜಾರು! ಇಂಗ್ಲಿಷ್ ಕಾದಂಬರಿಗಳಲ್ಲಿ ಇಂಥವರೇ ನಾಯಕರು. ನನಗೆ ಇನ್ನೂ ಹೆಮ್ಮೆಯಾಯಿತು. ಗಾಡಿಯಲ್ಲೇ ಅವರ ಕೈಗೆ ಮುತ್ತಿಟ್ಟೆ.

ನವೆಂಬರ್ 12

ಗ್ಲಾಶ್ಕಾ ಇವತ್ತು ಮಸಿ ಕುಡಿಕೆ ಉರುಳಿಸಿ ಒಂದು ಹಾಸುಬಟ್ಟೆ ಹಾಳುಮಾಡಿದಳು. ಎಷ್ಟು ಚೆಂದ ಮೂಡಿತ್ತು ಅಕ್ಷರ! "ಇನ್ನೊಂದು ಸಲ ಹೀಗಾದರೆ ಹಳ್ಳಿಗೆ ಕಳಿಸಿಬಿಡ್ತೀನಿ, ದನದ ಕೊಟ್ಟಿಗೆಗೆ!" ಎಂದೆ. ಮುಖ ಬಿಳಿಚಿಕೊಂಡಿತು. ಪ್ಲಾತೋನ್ ನಿಕಿತಿಚ್ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ಒಂದು ಗಳಿಗೆ ನೋಡಿದರು. ಹೊಸ ಜಡೆ ಚೆನ್ನಾಗಿ ಕಂಡಿರಬೇಕು.

ಕಾದಂಬರಿಯ ಎರಡನೆಯ ಭಾಗ ಬಂದಿದೆ. ಧಣಿ ಅಗಸಗಿತ್ತಿಯನ್ನು ಕುಡುಕನೊಬ್ಬನಿಗೆ ಮದುವೆ ಮಾಡಿ ಗಂಟುಹಾಕುವ ಅಧ್ಯಾಯ ಓದಿ ಮೂರು ಕರವಸ್ತ್ರ ಒದ್ದೆ ಮಾಡಿದೆ.

ನವೆಂಬರ್ 23

ಬಾಗಿಲಿಗೆ ಅಗುಳಿ ಹಾಕಿ ಬಂದು ಬರೆಯುತ್ತಿದ್ದೇನೆ.

ಮಧ್ಯಾಹ್ನ ಮುಂಬಾಗಿಲ ಗಂಟೆ ಬಾರಿಸಿತು. ಬೂದುಬಣ್ಣದ ಕೈಗವಸಿನ ಸಭ್ಯ ಗಂಡಸೊಬ್ಬ, ಕಾದಂಬರಿ ಓದಿದ್ದೇನೆ ಎಂದ. ಅಭಿಮಾನಿ ಎಂದುಕೊಂಡೆ! ಕೂರಿಸಿದೆ, ಕ್ರಿಸ್‌ಮಸ್ಸಿಗೆ ಮುಂಚಿನ ಉಪವಾಸದ ದಿನಗಳಾದ್ದರಿಂದ ಬೆಣ್ಣೆಯ ರೊಟ್ಟಿ ಇಲ್ಲ, ಕ್ಷಮಿಸಬೇಕು ಎಂದೆ, ಚಹಾ ಬಗ್ಗಿಸಿದೆ. ಬಗ್ಗಿಸುತ್ತ ಬಗ್ಗಿಸುತ್ತ ಅವನ ಕಿವಿ ಕಂಡಿತು. ತುದಿ ಚೂಪಾದ, ಸ್ವಲ್ಪ ಹೊರಗೆ ಚಾಚಿದ, ಥೇಟ್ ನಮ್ಮವರ ಕಿವಿ. ಆಮೇಲೆ ಅವನು ಹೆಬ್ಬೆರಳಿನಿಂದ ಹುಬ್ಬು ತೀಡಿಕೊಂಡ. ಚಹಾ ತಟ್ಟೆಗೆ ಚೆಲ್ಲಿತು.

ಪ್ಲಾತೋನ್ ನಿಕಿತಿಚ್ ಅಚ್ಚುಕೂಟದಿಂದ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ವಲೇರಿಯಾನ್" ಎಂದರು.

"ವಲೇರಿಯಾನ್ ತೊರೋಖಿನ್. ಅಪ್ಪ ಹೋದ ಮೇಲೆ ಮನೆ, ಜಮೀನು, ಆಳು ಎಲ್ಲ ನಾನೇ ನೋಡ್ಕೋತಿದ್ದೀನಿ" ಎಂದು ಅವನು ನನಗೆ ಹೇಳಿದ. ಆಮೇಲೆ ಅವರ ಕಡೆ ತಿರುಗಿ, ಹವಾಮಾನದ ಮಾತಾಡಿದ ಹಾಗೆ, "ಆಳುಗಳ ಪಟ್ಟಿ ನೋಡ್ತಿದ್ದೆ. ಎರಡು ವರ್ಷದ ಹಿಂದೆ ಗಣತಿ ಆಯ್ತಲ್ಲ, ನಮ್ಮ ಪಾರುಪತ್ಯಗಾರ ಹಳೇ ಪಟ್ಟೀನೇ ನಕಲು ಮಾಡಿದಾನೆ. ಅಗಸಗಿತ್ತಿ ಅಗಾಫ್ಯಾಳ ಮಗ ಪ್ಲಾತೋನ್, ವಯಸ್ಸು ಮೂವತ್ತೆರಡು, ಊರಲ್ಲಿಲ್ಲ. ಹಾಗಂತ ಬರೆದಿದೆ" ಎಂದ.

"ನನ್ನ ಹತ್ತಿರ ಬಿಡುಗಡೆ ಪತ್ರ ಇದೆ. ನಿಮ್ಮ ತಂದೇದೇ ಸಹಿ, ಮುದ್ರೆ."

"ಇರಬಹುದು. ಕಚೇರಿಯಲ್ಲಿ ನೋಂದಣಿ ಆಗಿದೆಯಾ? ಹೋಗಿ ಕೇಳ್ಕೊಂಡು ಬನ್ನಿ."

"ನಿಮಗೇನು ಬೇಕು?"

"ಹೆಸರು. ನೀವು ಪತ್ರಿಕೇಲಿ ರೋಖಿನ್ ಅಂತ ಹಾಕ್ತೀರಿ, ಜನ ತೊರೋಖಿನ್ ಅಂತ ಓದ್ತಾರೆ. ಕ್ಲಬ್ಬಲ್ಲಿ ಇಸ್ಪೀಟು ಹಂಚೋನೂ ನನ್ನ ನೋಡಿ ನಗ್ತಾನೆ. ಕಥೆ ಬರೀರಿ, ಯಾರು ಬೇಡ ಅಂದ್ರು? ಬೇರೆ ಹೆಸರಲ್ಲಿ ಬರೀರಿ. ಆಗ ಅದು ಯಾರ ಮನೆ ಕಥೇನೂ ಅಲ್ಲ. ಆ ಅರ್ಧ ಹೆಸರು ವಾಪಸು ಕೊಡಿ, ನಾನೇ ನಿಂತು ಬಿಡುಗಡೆ ನೋಂದಣಿ ಮಾಡಿಸ್ತೀನಿ. ಕ್ರಿಸ್‌ಮಸ್ಸಿಗೆ ಊರಿಗೆ ಹೋಗ್ತಿದ್ದೀನಿ, ಅಷ್ಟರೊಳಗೆ ಹೇಳಿ."

"ಕೊಡದಿದ್ದರೆ?"

ವಲೇರಿಯಾನ್ ಎದ್ದು ನಿಂತು ಕೈಗವಸು ಹಾಕಿಕೊಂಡ, ಒಂದೊಂದು ಬೆರಳನ್ನೂ ನಿಧಾನವಾಗಿ ಎಳೆದು. "ಮಾರ್ಚಿನಲ್ಲಿ ನಮ್ಮ ಹಳ್ಳಿಯಿಂದ ಸೈನ್ಯಕ್ಕೆ ಇಬ್ಬರನ್ನ ಕೊಡಬೇಕು. ಮೂವತ್ತೈದರೊಳಗಿನವರು ಆಗಬೇಕಂತೆ." ನನ್ನ ಕಡೆ ಬಾಗಿ, "ಚಹಾ ಚೆನ್ನಾಗಿತ್ತು" ಎಂದು ಹೇಳಿ ಹೋದ.

ನವೆಂಬರ್ 24

ನೋಂದಣಿ ಆಗಿಲ್ಲ.

ಪತ್ರ ಬರೆದು, ಸಹಿ ಹಾಕಿ, ಅರಗಿನ ಮುದ್ರೆ ಒತ್ತಿ, ಆ ಮುದುಕ ತೊರೋಖಿನ್ ಅದನ್ನು ಕಚೇರಿಗೆ ಒಯ್ಯಲೇ ಇಲ್ಲ. ಕಚೇರಿಯಲ್ಲಿ ಗುಮಾಸ್ತ ಎಲ್ಲರೆದುರು ಗಟ್ಟಿಯಾಗಿ ಓದುತ್ತಾನೆ, ಯಾರ ಮಗ ಎಂದು ಕೇಳುತ್ತಾನೆ. ಅದಕ್ಕೆ ನಾಚಿಕೆ! ಹದಿನೆಂಟು ವರ್ಷದಿಂದ ಪ್ಲಾತೋನ್ ನಿಕಿತಿಚ್ ಎದೆಯ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದು ಬರೀ ಕಾಗದ.

ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಗ್ಲಾಶ್ಕಾಳಿಗೆ ದೀಪ ಹಚ್ಚಬೇಡ ಎಂದೆ. ಯಾಕೆ ಹಾಗೆಂದೆನೋ.

ನವೆಂಬರ್ 30

ಬೀದಿಯ ಮೂಲೆಯ ಪೊಲೀಸಿನವನು ದಿನಾ ಟೋಪಿ ಎತ್ತಿ ನಮಸ್ಕಾರ ಮಾಡುತ್ತಿದ್ದವನು ಇವತ್ತು ಎತ್ತಲಿಲ್ಲ. ಚಳಿಗೆ ಇರಬಹುದು. ಅವನಿಗೆ ವಿಷಯ ಗೊತ್ತಾಗಿರಬಹುದು. ರಹದಾರಿ ಇಲ್ಲದ ಜೀತದಾಳನ್ನು ಕಾಲಿಗೆ ಸರಪಳಿ ಹಾಕಿ ಊರಿಂದೂರಿಗೆ ನಡೆಸಿಕೊಂಡು ಹೋಗುತ್ತಾರಂತೆ. ಅಡುಗೆಯವಳು ಯಾರದೋ ಮಾತು ಹೇಳುತ್ತಿದ್ದಳು, ನಾನು ಬಟ್ಟಲು ಕೆಳಗಿಟ್ಟು ಎದ್ದುಬಂದೆ.

ಅವರು ಮೂರನೆಯ ಭಾಗ ತಿದ್ದುತ್ತಿದ್ದಾರೆ. ಹೆಸರಿನ ವಿಷಯಕ್ಕೆ ಒಂದಿಷ್ಟೂ ಬಗ್ಗುವುದಿಲ್ಲ. "ಜಿನಾ, ಆ ಅರ್ಧ ಹೆಸರು ಅವರು ಎಸೆದ ಮೂಳೆ. ಅದನ್ನ ಪೂರ್ತಿ ಮಾಡಿದ್ದು ನಾನು. ಈಗ ಅವರ ಹೆಸರಲ್ಲ ಅದು, ನಂದು. ಅದೊಂದೇ ನಂದು" ಎನ್ನುತ್ತಾರೆ.

ಸರಿ ಎಂದು ತಲೆಯಾಡಿಸಿದೆ. ನನಗೂ ಆ ಹೆಸರು ಇಷ್ಟ. ಕಾರ್ಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿವೆ.

ಡಿಸೆಂಬರ್ 4

ದೊಡ್ಡಮ್ಮನಿಗೆ ಹೇಗೋ ಸುದ್ದಿ ಮುಟ್ಟಿದೆ. ಕರೆಸಿದರು. ಕೂರಲೂ ಹೇಳಲಿಲ್ಲ.

"ಪೆಟ್ಟಿಗೆ ಕಟ್ಟು. ನನಗೆ ಜ್ವರ ಅಂತ ಹೇಳಿ ಇಲ್ಲಿಗೆ ಬಾ. ಧಣಿ ಒಪ್ಪಿಗೆ ಇಲ್ಲದೆ ಆಳಿನ ಮದುವೆ! ಅದನ್ನ ಮಾಡಿಸಿದ ಪಾದ್ರಿ ಗಡ್ಡಕ್ಕೆ ಬೆಂಕಿ ಬಿತ್ತು. ಇನ್ನು ನಾನು ಯಾವ ಮುಖ ಇಟ್ಕೊಂಡು ಚರ್ಚಿಗೆ ಹೋಗ್ಲಿ?"

"ಅವರು ಆಳಲ್ಲ ದೊಡ್ಡಮ್ಮ, ಲೇಖಕರು."

"ಪಟ್ಟೀಲಿ ಲೇಖಕ ಅಂತ ಬರೆದಿದೆಯೇನೇ? ನೋಡು, ನಿನಗೇನೂ ಆಗಲ್ಲ, ನೀನು ಒಳ್ಳೇ ಮನೆತನದಲ್ಲಿ ಹುಟ್ಟಿದೋಳು. ಮಕ್ಕಳಾದರೆ ಮಾತ್ರ ಕಷ್ಟ. ಅವು ತಾಯಿ ಕಡೆ ಬರಲ್ಲ, ಅಪ್ಪನ ಪಟ್ಟಿಗೆ ಸೇರ್ತವೆ. ಏನೂ ಇಲ್ಲ ತಾನೇ?"

"ಇಲ್ಲ" ಎಂದೆ. ಒಳಗಿನಿಂದ ಅಣಬೆ ಸಾರಿನ ವಾಸನೆ ಬರುತ್ತಿತ್ತು. ಕರವಸ್ತ್ರ ಮೂಗಿಗೆ ಹಿಡಿದುಕೊಂಡು ಗಾಡಿಯವರೆಗೆ ಓಡಿದೆ.

ಡಿಸೆಂಬರ್ 6

ಈ ತಿಂಗಳೂ ಆಗಲಿಲ್ಲ.

ಡಿಸೆಂಬರ್ 8

ಗಂಟೆ ಬಾರಿಸಿತು. ಅಂಚೆಯವನು.

ಡಿಸೆಂಬರ್ 10

ಬೆಳಿಗ್ಗೆ ಗ್ಲಾಶಾ ಕಿಟಕಿಯ ಬಳಿ ಕೂತು ಇಪ್ಪತ್ತೊಂದನೆಯ ಹಾಸುಬಟ್ಟೆಗೆ ಕೆಂಪು ಅಕ್ಷರ ಹಾಕುತ್ತಿದ್ದಳು. ತಲೆ ಎತ್ತದೆಯೇ, "ಅಮ್ಮಾವ್ರೆ, ಎರಡು ತಿಂಗಳಾಯ್ತು ನೀವು ಮುಟ್ಟಿನ ಬಟ್ಟೆ ಒಗೆಯಕ್ಕೆ ಹಾಕಿಲ್ಲ" ಎಂದಳು.

ನಾನು ಕೋಣೆಯ ಬಾಗಿಲು ಹಾಕಿದೆ. "ಯಾರಿಗಾದರೂ ಹೇಳಿದರೆ..." ಎಂದೆ. ಹಳ್ಳಿಗೆ ಕಳಿಸುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಈಚೆಗೆ ನನಗೆ ಮಾತುಗಳು ಸರಿಯಾಗಿ ಬರುತ್ತಿಲ್ಲ.

"ನಾನ್ಯಾರಿಗೆ ಹೇಳ್ಲಿ? ನಾನು ಹೊಟ್ಟೇಲಿದ್ದಾಗ ನಮ್ಮಮ್ಮನೂ ಹಿಂಗೇ ಬಚ್ಚಿಟ್ಟಿದ್ಲಂತೆ."

"ಯಾಕೆ?"

"ಹೆದ್ರಿಕೆ. ಗಂಡಾದ್ರೆ ಸೈನ್ಯಕ್ಕೆ ಹಿಡ್ಕೊಂಡೋಯ್ತಾರೆ, ಹೆಣ್ಣಾದ್ರೆ ಯಾರ್ದೋ ಬಳುವಳಿಗೆ ಹಾಕ್ತಾರೆ ಅಂತ." ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. "ಸುಮ್ನೆ ಹೆದ್ರಿದ್ಲು ಪಾಪ. ಹೆದ್ರಿದ್ರೂ ಅದೇ ಆಯ್ತಲ್ಲ."

ಎಲ್ಲಿದ್ದಾಳೆ ನಿಮ್ಮಮ್ಮ ಎಂದು ಕೇಳಿದೆ. ತುಲಾ ಪಟ್ಟಣದ ಹತ್ತಿರದ ಹಳ್ಳಿಯಂತೆ. ನೋಡಿ ಆರು ವರ್ಷವಾಯಿತಂತೆ. ಹೆಸರು ಉಸ್ತೀನ್ಯಾ. ಬೆಳಿಗ್ಗೆಯಿಂದ ಆ ಹೆಸರು ಸುಮ್ಮಸುಮ್ಮನೆ ಬಾಯಿಗೆ ಬರುತ್ತಿದೆ.

ಮಸಿ ಬಿದ್ದ ಹಾಸುಬಟ್ಟೆಯನ್ನು ಅವಳೇ ಹರಿದು ಸಣ್ಣ ಸಣ್ಣ ಚೌಕ ಮಾಡಿ ಅಂಚು ಹೊಲಿದು ಇಟ್ಟಿದ್ದಾಳೆ. ಅವನ್ನು ನನ್ನ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟೆ.

ಡಿಸೆಂಬರ್ 15

ಹೇಳಿದೆ.

ಅವರು ಅಚ್ಚಿನ ಕರಡು ಮುಂದಿಟ್ಟುಕೊಂಡು ಕೂತಿದ್ದರು. ಮೊದಲ ಪುಟದ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು. ಅದರ ಮೇಲೆ ನನ್ನ ಕೈಯಿಟ್ಟೆ. "ಇದನ್ನ ಬಿಟ್ಟುಬಿಡು" ಎಂದೆ.

"ಜಿನಾ, ಆಗಲೇ ಹೇಳಿದೆನಲ್ಲ..."

"ನೀನು ಹೇಳಿದ್ದು ಗೊತ್ತು. ಈಗ ನನ್ನ ಮಾತು ಕೇಳು. ಮಗು ಬರ್ತಿದೆ. ಅದು ಹುಟ್ಟೋಕೆ ಮುಂಚೆ ಆ ಕೈಗವಸಿನವನ ಪಟ್ಟೀಲಿ ಅದಕ್ಕೊಂದು ಸಾಲು ಕಾದಿದೆ. 'ಪ್ಲಾತೋನನ ಮಗ.' ಅಥವಾ 'ಮಗಳು.' ಮಗಳಾದರೆ ಅವಳಿಗೆ ಕಸೂತಿ ಬರುತ್ತಾ ಅಂತ ಕೇಳ್ತಾರೆ, ಗೊತ್ತಾ ನಿನಗೆ? ಕಸೂತಿ ಬಂದರೆ ಯಾರಿಗೋ ಕೊಡ್ತಾರೆ, ಸಮೋವರ್ ಜೊತೆ!"

ಅವರು ಹುಬ್ಬು ತೀಡುತ್ತ ಕೂತರು. ಆಮೇಲೆ ಥಟ್ಟನೆ ಆ ಕೈಯನ್ನೇ ಯಾರದೋ ಎಂಬಂತೆ ನೋಡಿ ತೊಡೆಯ ಕೆಳಗೆ ಇಟ್ಟುಕೊಂಡರು.

"ಹತ್ತು ವರ್ಷ ಆಯ್ತು ಆ ಹೆಸರು ಮಾಡೋಕೆ" ಎಂದರು.

"ಗೊತ್ತು."

"ನಾಳೆ ಬೇರೆ ಹೆಸರು ಹಾಕಿದರೆ ಯಾರೂ ಓದಲ್ಲ. ನೀನು ಮದುವೆಯಾದ ರೋಖಿನ್ ಇರಲ್ಲ."

"ನಾನು ಓದ್ತೀನಿ" ಎಂದೆ. ಎಂಥ ಪೆದ್ದು ಮಾತು! ಆದರೆ ಅವರು ನಕ್ಕರು, ತಿಂಗಳಾದ ಮೇಲೆ ಮೊದಲ ಸಲ. ಆಮೇಲೆ ಕರಡಿನ ಮೇಲಿನ ಹೆಸರಿಗೆ ಅಡ್ಡಗೆರೆ ಎಳೆದರು. ಲೇಖನಿ ಕಾಗದವನ್ನು ಹರಿದುಬಿಟ್ಟಿತು. ಪಕ್ಕದಲ್ಲಿ ಬೇರೊಂದು ಹೆಸರು ಬರೆದರು: ಅಗಾಫಿನ್. ಅಮ್ಮನ ಹೆಸರಿನಿಂದ ಮಾಡಿಕೊಂಡದ್ದು.

"ಇದಕ್ಕೆ ತಲೆ ಇದೆ" ಎಂದರು.

ಡಿಸೆಂಬರ್ 19

ಕಚೇರಿಯಲ್ಲಿ ಒದ್ದೆ ಕೋಟು ಮತ್ತು ನಶ್ಯದ ವಾಸನೆ. ಕೊನೆಯ ಗಳಿಗೆಯಲ್ಲಿ ವಲೇರಿಯಾನ್ ಮನಸ್ಸು ಬದಲಿಸಿದರೆ ಎಂದು ಅವನ ಕೈಗವಸನ್ನೇ ನೋಡುತ್ತಿದ್ದೆ. ಅವನು ಗಡಿಯಾರ ನೋಡಿದಾಗಲೆಲ್ಲ ಈಗ ಎದ್ದು ಹೋಗುತ್ತಾನೆ ಎಂದುಕೊಳ್ಳುತ್ತಿದ್ದೆ. ಹೋಗಲಿಲ್ಲ. ಇನ್ನು ಮುಂದೆ ಆ ಹೆಸರನ್ನು ಎಲ್ಲಿಯೂ ಬಳಸುವುದಿಲ್ಲವೆಂದು ಪ್ಲಾತೋನ್, ಈಗ ನನ್ನ ಪ್ಲಾತೋಶಾ, ಬರೆದುಕೊಟ್ಟ ಮುಚ್ಚಳಿಕೆಯನ್ನು ಅವನು ಎರಡು ಸಲ ಓದಿ, ಮಡಿಸಿ, ಜೇಬಿಗೆ ಹಾಕಿಕೊಂಡು ಬಿಡುಗಡೆ ಪತ್ರಕ್ಕೆ ಸಹಿ ಮಾಡಿದ.

ಗುಮಾಸ್ತ ಸೀನಿ, ಮೂಗೊರೆಸಿಕೊಂಡು ಗಟ್ಟಿಯಾಗಿ ಓದಿದ: "ತೀರಿಹೋದ ಅಗಸಗಿತ್ತಿ ಅಗಾಫ್ಯಾಳ ಮಗ, ಪ್ಲಾತೋನ್!" ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಮುದುಕ ಸಾಯುವವರೆಗೂ ಹೆದರಿದ್ದು ಇಷ್ಟಕ್ಕೆ. ಓದಿ ಮುಗಿಯಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ.

ಕೋಟು ಹಿಡಿದುಕೊಳ್ಳಲೆಂದು ಗ್ಲಾಶಾಳನ್ನು, ಅವಳ ಪೂರ್ತಿ ಹೆಸರು ಗ್ಲಾಫೀರಾ, ಕರೆದುಕೊಂಡು ಹೋಗಿದ್ದೆ. ಹೇಗೂ ಗುಮಾಸ್ತ ಅಲ್ಲೇ ಇದ್ದ, ಮಸಿ ತೆರೆದಿತ್ತು, ಅವಳ ಕಾಗದವೂ ನನ್ನ ಚೀಲದಲ್ಲೇ ಇತ್ತು. ಅವಳ ಬಿಡುಗಡೆಯನ್ನೂ ಮಾಡಿಸಿಬಿಟ್ಟೆ. ದೊಡ್ಡಮ್ಮನಿಗೆ ಆಮೇಲೆ ಹೇಳಿದರಾಯಿತು.

"ಮನೆತನದ ಹೆಸರು?" ಎಂದ ಗುಮಾಸ್ತ. ಅವಳಿಗೆ ಅಂಥದ್ದು ಇರಲೇ ಇಲ್ಲ.

"ರೋಖಿನಾ ಅಂತ ಹಾಕಿಸಮ್ಮ, ಈಗ ತಾನೇ ಖಾಲಿಯಾಗಿದೆ" ಎಂದ ಪ್ಲಾತೋಶಾ, ವಲೇರಿಯಾನನಿಗೆ ಕೇಳಿಸುವ ಹಾಗೆ.

"ಬ್ಯಾಡಿ ಧಣಿ, ಅರ್ಧ ಹೆಸ್ರು ನಂಗ್ಯಾಕೆ? ನಮ್ಮಪ್ಪ ಯೆಫೀಮ್. ಪೂರ್ತಿ ಇದ್ದ."

ಗುಮಾಸ್ತ ನಗುತ್ತಲೇ ಬರೆದುಕೊಂಡ: ಗ್ಲಾಫೀರಾ ಯೆಫೀಮೊವಾ. ವಲೇರಿಯಾನ್ ನಗಲಿಲ್ಲ. ಹುಬ್ಬು ತೀಡಿಕೊಳ್ಳುತ್ತ ಹೊರಟುಹೋದ.

ಡಿಸೆಂಬರ್ 22

ಅವಳು ತುಲಾಕ್ಕೆ ಹೋಗುವ ಗಾಡಿ ಹತ್ತಿದಳು. ತಿರುಗಿ ಬರುತ್ತೀಯಾ ಎಂದು ಕೇಳಲು ಧೈರ್ಯ ಸಾಲಲಿಲ್ಲ. ನನ್ನ ನರಿಚರ್ಮದ ಕೋಟು ಅವಳ ಮೈಮೇಲಿತ್ತು. ದಾರಿಯಲ್ಲಿ ಚಳಿ ಜಾಸ್ತಿ.

ಬಾಗಿಲಿನ ಹಿತ್ತಾಳೆ ಫಲಕ ತೆಗೆದೆವು. ಮರದ ಮೇಲೆ ನಾಲ್ಕು ತೂತು. ಹಾಸುಬಟ್ಟೆಗಳ ಮೂಲೆಯ ಎರಡನೆಯ ಅಕ್ಷರವನ್ನು ಬಿಚ್ಚಲು ಕೂತೆ. ಎಷ್ಟು ಗಟ್ಟಿ ಹೊಲಿಗೆ! ಒಂದು ಬಿಚ್ಚಲು ಇಡೀ ಮಧ್ಯಾಹ್ನ ಹಿಡಿಯಿತು, ಬೆರಳಿಗೆ ಸೂಜಿ ಮೂರು ಸಲ ಚುಚ್ಚಿತು. ದಾರ ಹೋದರೂ ಬಟ್ಟೆಯಲ್ಲಿ ಗುರುತು ಉಳಿಯುತ್ತದೆ.

ಜನವರಿ 9, 1853

ಮೂರನೆಯ ಭಾಗ ಬಂದಿದೆ. ಪುಸ್ತಕದಂಗಡಿಯಲ್ಲಿ ಒಬ್ಬರು, "ರೋಖಿನ್ ಸತ್ತನಂತೆ, ಯಾರೋ ಅಗಾಫಿನ್ ಅನ್ನೋನು ಮುಗಿಸಿದಾನೆ, ಅಷ್ಟು ಚೆನ್ನಾಗಿಲ್ಲ" ಎನ್ನುತ್ತಿದ್ದರಂತೆ. ಪ್ಲಾತೋಶಾ ಮನೆಗೆ ಬಂದು ಅದನ್ನು ಹೇಳಿ ನಕ್ಕ. ನಕ್ಕು ಮುಗಿದ ಮೇಲೆ ಕಿಟಕಿಯ ಬಳಿ ಹೋಗಿ ನಿಂತುಕೊಂಡ. ಈಗಲೂ ಕೆಲವು ಸಲ ಕೈ ಹುಬ್ಬಿನವರೆಗೆ ಹೋಗುತ್ತದೆ, ಅರ್ಧಕ್ಕೇ ಇಳಿಯುತ್ತದೆ.

ಹನ್ನೊಂದು ಗಂಟೆಗೆ ಮುಂಬಾಗಿಲ ಗಂಟೆ ಬಾರಿಸಿತು. ಪತ್ರ ನೋಂದಣಿಯಾಗಿದೆ, ಪೆಟ್ಟಿಗೆಯಲ್ಲಿದೆ, ಅದರ ನಕಲೂ ಇದೆ. ಆದರೂ ಮೊದಲು ಆ ಪೆಟ್ಟಿಗೆಯ ಬೀಗ ಮುಟ್ಟಿ ನೋಡಿದೆ. ಅಡುಗೆಯವಳು ಸಂತೆಗೆ ಹೋಗಿದ್ದಳು, ಬಾಗಿಲು ತೆಗೆಯುವವರು ಯಾರೂ ಇಲ್ಲ. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ನಾನೇ ಹೋಗಿ ತೆಗೆದೆ.

ನನ್ನ ನರಿಚರ್ಮದ ಕೋಟು ತೊಟ್ಟು, ಹುಬ್ಬಿನ ಮೇಲೆಲ್ಲ ಹಿಮ, ಕಂಕುಳಲ್ಲಿ ಗಂಟು. ಗ್ಲಾಫೀರಾ.

"ಅಯ್ಯೋ, ಹಿಂದಿನ ಮೆಟ್ಟಿಲಿಂದ ಬರಬಾರದಿತ್ತಾ? ನನ್ನ ಜೀವವೇ ಹೋಯ್ತು!" ಎಂದುಬಿಟ್ಟೆ.

"ಈಗ ಮುಂದಿನ ಮೆಟ್ಲೂ ಹತ್ತಬೋದಂತೆ ಅಮ್ಮಾವ್ರೆ. ಗುಮಾಸ್ತ ಹೇಳಿದ್ನಲ್ಲ." ಬೂಟಿನ ಹಿಮ ಕೊಡವಿದಳು. "ಅಮ್ಮನ್ನ ನೋಡ್ಕೊಂಡು ಬಂದೆ. ನನ್ನ ಗುರ್ತೇ ಸಿಕ್ಕಲಿಲ್ಲ ಅವ್ಳಿಗೆ, ಕೋಟು ನೋಡಿ ಯಾರೋ ದೊಡ್ಡೋರು ಅಂತ ಕಾಲಿಗೆ ಬಿದ್ಲು. ಇರ್ಲಿ. ಕೆಲ್ಸಕ್ಕೆ ಯಾರಾದ್ರೂ ಬೇಕಾ? ಭಾನುವಾರ ನಂಗೆ ರಜಾ ಬೇಕು. ಆಳನ್ನ ಕೂಗೋ ಹಂಗೆ ಗ್ಲಾಶ್ಕಾ ಅನ್ನಂಗಿಲ್ಲ."

"ನಾನು ಯಾವಾಗ ಹಾಗೆ ಕರೆದೆ?" ಎಂದೆ. ಅವಳು ಗಂಟನ್ನು ಕೆಳಗಿಟ್ಟಳು. "ಸರಿ, ಏನಂತ ಕರೀಲಿ?"

"ಗ್ಲಾಫೀರಾ ಯೆಫೀಮೊವ್ನಾ. ದೊಡ್ಡೋರನ್ನ ಅಪ್ಪನ ಹೆಸ್ರು ಸೇರ್ಸಿ ಕರೀತಾರಲ್ಲ, ಹಂಗೆ." ಬಾಗಿಲಿನ ಮೇಲಿನ ನಾಲ್ಕು ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಕೆಳಗೆ ಕಾವಲುಗಾರ ಯಾರ ಮನೆಗೆ ಅಂತ ಕೇಳ್ದ. ನಂಗೆ ಹೇಳಕ್ಕಾಗ್ಲಿಲ್ಲ. ನೀವೀಗ ಯಾರು ಅಮ್ಮಾವ್ರೆ?"

ಆ ಹೆಸರನ್ನು ಬರೆದಿದ್ದೆ, ಓದಿದ್ದೆ. ನನ್ನದೆಂದು ಬಾಯಿಬಿಟ್ಟು ಹೇಳಿರಲಿಲ್ಲ.

"ಅಗಾಫಿನಾ" ಎಂದೆ. ಮೆಟ್ಟಿಲ ಕೆಳಗೆ ಯಾರಾದರೂ ಕೇಳಿಸಿಕೊಂಡರೋ ಎಂದು ಬಗ್ಗಿ ನೋಡಿದೆ. ಕಾವಲುಗಾರ ಪೊರಕೆ ಹಿಡಿದು ಮೇಲೆ ನೋಡುತ್ತಿದ್ದ. ಇನ್ನೊಮ್ಮೆ, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಹೇಳಿದೆ.